ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮಲ್ಲಿ ಇಷ್ಟು ಬಳಕೆಯಲ್ಲಿರುವ ಗಾದೆಗಳು ಬಹಳ ಇರಲಾರವು. ತನ್ನ ಕೈಲಾಗದ್ದಕ್ಕೆ ಇನ್ನೊಂದನ್ನು ದೂರುವವರ ಬಾಯಿ ಮುಚ್ಚಿಸಲು ಇದೊಂದು ಸಾಕು. ಇದನ್ನು ಹೇಳಿಬಿಟ್ಟ ಮೇಲೆ ಎದುರಿಗಿದ್ದವರಿಗೆ ಉತ್ತರವೇ ಉಳಿಯುವುದಿಲ್ಲ. ಉತ್ತರ ಹೇಳಿದಷ್ಟೂ ಮತ್ತೆ ನೆಲವನ್ನೇ ದೂರಿದಂತಾಗುತ್ತದೆ. ನಾನೂ ಒಂದು ಕಾಲದಲ್ಲಿ ಈ ಗಾದೆಯನ್ನು ಧಾರಾಳವಾಗಿ ಬಳಸಿದವನೇ. ಆದರೆ ಈಗ ಇಪ್ಪತ್ತೈದು ವರ್ಷಗಳಿಗೂ ಮೇಲಾಯಿತು, ಅದು ನನ್ನ ಬಾಯಿಗೆ ಬರುವುದಿಲ್ಲ. ಬಂದರೂ ನಾಲಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಗಾದೆ ಕಟ್ಟಿದವರು ಕುಣಿಯುವವಳನ್ನು ಚೆನ್ನಾಗಿ ನೋಡಿದರು, ಬಗ್ಗಿ ನೆಲವನ್ನೊಮ್ಮೆ ಅಳೆದು ನೋಡಲಿಲ್ಲ ಎಂದು ನನಗೆ ಅನಿಸುತ್ತದೆ. ಯಾಕೆ ಹಾಗನ್ನಿಸುತ್ತದೆ ಎಂದು ಹೇಳಬೇಕಾದರೆ ನನ್ನ ಕಸುಬಿನ ವಿಷಯ ಸ್ವಲ್ಪ ಹೇಳಲೇಬೇಕು. ಓದುಗರು ಬೇಸರಪಡಬಾರದು.

ನನ್ನ ಕಸುಬು ಸರ್ಕ್ಯೂಟ್ ಬೋರ್ಡುಗಳ ನಕ್ಷೆ ಬರೆಯುವುದು. ರೇಡಿಯೋ, ಟಿ.ವಿ., ಟೆಲಿಫೋನು ಯಾವುದನ್ನೇ ಬಿಚ್ಚಿದರೂ ಒಳಗೊಂದು ಹಸಿರು ಹಲಗೆ ಕಾಣುತ್ತದಲ್ಲ, ಅದರ ಮೇಲೆ ತಾಮ್ರದ ಗೆರೆಗಳು ಊರಿನ ಓಣಿಗಳಂತೆ ಹರಿದಿರುತ್ತವಲ್ಲ, ಆ ಗೆರೆಗಳನ್ನು ಹಾಕುವವನು ನಾನು. ಮೊದಮೊದಲು ಪಾರದರ್ಶಕ ಹಾಳೆಯ ಮೇಲೆ ಕಪ್ಪು ಪಟ್ಟಿ ಅಂಟಿಸಿ ಇದನ್ನು ಮಾಡುತ್ತಿದ್ದೆವು. ಆಮೇಲೆ ಕಂಪ್ಯೂಟರು ಬಂತು, ಅದರೊಳಗೆ ನಕ್ಷೆ ಬರೆಯುವ ಸಾಫ್ಟ್‌ವೇರ್ ಬಂತು. ಬ್ಲೇಡು, ಅಂಟುಪಟ್ಟಿ ಮೂಲೆಗೆ ಸೇರಿದವು.

ಈ ಕಸುಬಿನಲ್ಲಿ ಮೊದಲಿನಿಂದಲೂ ಎರಡು ಅಳತೆಗಳ ಸಂಸಾರ. ಚಿಪ್ಪುಗಳು ಹುಟ್ಟಿದ್ದು ಅಮೆರಿಕದಲ್ಲಿ, ಅಂಗುಲದ ನಾಡಿನಲ್ಲಿ. ಆದ್ದರಿಂದ ಹಳೆಯ ಚಿಪ್ಪುಗಳ ಕಾಲಿನಿಂದ ಕಾಲಿಗೆ ಅಂಗುಲದ ಹತ್ತನೇ ಒಂದು ಭಾಗದ ಅಂತರ. ಅಂಗುಲವನ್ನು ಸಾವಿರ ಮಾಡಿ ಒಂದೊಂದು ಭಾಗವನ್ನು ಮಿಲ್ ಎಂದು ಕರೆದರು. ನಮ್ಮ ಲೇತ್ ಕೆಲಸಗಾರರು ಥೌ ಎನ್ನುವುದೂ ಅದನ್ನೇ. ಆ ಲೆಕ್ಕದಲ್ಲಿ ಕಾಲುಗಳ ಅಂತರ ನೂರು ಮಿಲ್. ಮುಂದೆ ಚಿಪ್ಪುಗಳು ಚಿಕ್ಕವಾದವು, ಕಾಲುಗಳು ಹೆಚ್ಚಾದವು, ಅಳತೆ ಮಿಲಿಮೀಟರಿಗೆ ಬಂತು. 0.8, 0.65, 0.5 ಮಿ.ಮೀ. ಎಂದು ಅಂತರ ಇಳಿಯಿತು. ಹೀಗೆ ಒಂದೇ ಹಲಗೆಯ ಮೇಲೆ ಅಂಗುಲದ ಮನೆಯವರೂ ಮಿಲಿಮೀಟರಿನ ಮನೆಯವರೂ ಒಟ್ಟಿಗೆ ಬಾಳಬೇಕಾಯಿತು.

ಬಾಳಲು ತೊಂದರೆಯೇನೂ ಇರಬೇಕಾಗಿರಲಿಲ್ಲ. ಹಿಂದೆ ಅಮೆರಿಕದ ಅಂಗುಲಕ್ಕೂ ಇಂಗ್ಲೆಂಡಿನ ಅಂಗುಲಕ್ಕೂ ಹತ್ತು ಲಕ್ಷದಲ್ಲಿ ಕೆಲವೇ ಭಾಗದಷ್ಟು ವ್ಯತ್ಯಾಸವಿತ್ತು. 1959ರಲ್ಲಿ ಇಂಗ್ಲಿಷ್ ಮಾತಾಡುವ ದೇಶಗಳು ಒಪ್ಪಂದ ಮಾಡಿಕೊಂಡು ಒಂದು ಅಂಗುಲವೆಂದರೆ ಸರಿಯಾಗಿ 25.4 ಮಿ.ಮೀ. ಎಂದು ಗೊತ್ತುಮಾಡಿದವು. ಹೆಚ್ಚು ಕಡಿಮೆ ಅಲ್ಲ, ಸುಮಾರು ಅಲ್ಲ, ಸರಿಯಾಗಿ. ಅಂದರೆ ಒಂದು ಅಳತೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ತಪ್ಪೇ ಇಲ್ಲ. ತಪ್ಪು ಹುಟ್ಟುವುದು ಬಂದದ್ದನ್ನು ಬರೆದಿಡುವಾಗ. ಮಿಲ್ಲನ್ನು ಮಿಲಿಮೀಟರು ಮಾಡಿದರೆ 0.0254 ಎಂದು ಅಂಕಿ ನಿಲ್ಲುತ್ತದೆ. ಅರ್ಧ ಮಿಲಿಮೀಟರನ್ನು ಮಿಲ್ ಮಾಡಿದರೆ 19.685039 ಎಂದು ಹೊರಟ ಅಂಕಿ ಎಲ್ಲಿಗೂ ಮುಗಿಯುವುದಿಲ್ಲ. 254ರ ಹೊಟ್ಟೆಯಲ್ಲಿ 127 ಎಂಬ ಅವಿಭಾಜ್ಯ ಸಂಖ್ಯೆ ಕುಳಿತಿರುವುದರಿಂದ ಹೀಗೆ. ಮುಗಿಯದ ಅಂಕಿಯನ್ನು ಎಲ್ಲೋ ಒಂದು ಕಡೆ ಮುರಿಯಲೇಬೇಕು. ಎಲ್ಲಿ ಮುರಿಯುತ್ತೇವೆ, ಮುರಿದ ಚೂರನ್ನು ಏನು ಮಾಡುತ್ತೇವೆ ಎಂಬುದೇ ಪ್ರಶ್ನೆ.

1998ರಲ್ಲಿ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆ. ಹಳ್ಳಿಯ ಹಾಲಿನ ಸಂಘಗಳಲ್ಲಿ ಹಾಲು ತೂಗಿ ಲೆಕ್ಕ ಬರೆದುಕೊಳ್ಳುವ ಒಂದು ಯಂತ್ರವನ್ನು ಅಲ್ಲಿ ಮಾಡುತ್ತಿದ್ದರು. ಅದರ ಬೋರ್ಡು ನನ್ನ ಪಾಲಿಗೆ ಬಂತು. ಅದರಲ್ಲೊಂದು ನೂರು ಕಾಲಿನ ಚಿಪ್ಪು. ಚೌಕದ ನಾಲ್ಕು ಬದಿಗೂ ಇಪ್ಪತ್ತೈದಿಪ್ಪತ್ತೈದು ಕಾಲು, ಅಂತರ ಅರ್ಧ ಮಿಲಿಮೀಟರು. ನಮ್ಮಲ್ಲಿದ್ದ ಸಾಫ್ಟ್‌ವೇರ್ ಹಳೆಯದು. ಅದು ಎಲ್ಲ ಅಳತೆಯನ್ನೂ ಒಳಗೆ ಪೂರ್ಣ ಮಿಲ್‌ಗಳಲ್ಲೇ ಇಟ್ಟುಕೊಳ್ಳುತ್ತಿತ್ತು. ಕಾಲುಗಳು ಕೂರುವ ತಾಮ್ರದ ಪ್ಯಾಡುಗಳ ಒಂದು ಸಾಲು ಮಾಡಬೇಕಿತ್ತು. ಒಂದು ಪ್ಯಾಡ್ ಬರೆದು, ಇಷ್ಟು ದೂರಕ್ಕೊಂದರಂತೆ ಇಪ್ಪತ್ತೈದು ಮಾಡು ಎಂದು ಹೇಳಿದರೆ ಅದು ಮಾಡುತ್ತಿತ್ತು. ದೂರ ಎಷ್ಟು ಎಂದು ಕೇಳಿತು. 0.5 ಮಿ.ಮೀ. ಎಂದು ಬರೆದೆ. ಪರದೆಯ ಮೇಲೆ 20 ಎಂದು ತೋರಿಸಿತು. ನನಗೆ ಅದು ಇನ್ನೂ ನೆನಪಿದೆ, ಏಕೆಂದರೆ ನಾನು ಅದನ್ನು ನೋಡಿದೆ. ನೋಡಿ, ಪರವಾಗಿಲ್ಲ, ಹತ್ತಿರವೇ ಇದೆ ಎಂದುಕೊಂಡು ಒಪ್ಪಿಗೆಯ ಗುಂಡಿ ಒತ್ತಿದೆ.

ಹತ್ತಿರವೇ ಇತ್ತು, ಸುಳ್ಳಲ್ಲ. ಇಪ್ಪತ್ತು ಮಿಲ್ ಎಂದರೆ 0.508 ಮಿ.ಮೀ. ವ್ಯತ್ಯಾಸ ಒಂದು ಮಿಲಿಮೀಟರಿನ ಸಾವಿರದಲ್ಲಿ ಎಂಟು ಭಾಗ. ತಲೆಗೂದಲಿನ ದಪ್ಪದ ಹತ್ತನೇ ಒಂದರ ಆಸುಪಾಸು. ಅದಕ್ಕೆ ಹೆದರುವವನು ಕಸುಬುದಾರನೇ ಅಲ್ಲ. ಆದರೆ ಇಪ್ಪತ್ತೈದು ಕಾಲಿನ ನಡುವೆ ಇಪ್ಪತ್ತನಾಲ್ಕು ಅಂತರಗಳಿವೆ. ಸಾವಿರದಲ್ಲಿ ಎಂಟು ಇಪ್ಪತ್ತನಾಲ್ಕು ಸಲ ಕೂಡಿದರೆ 0.192. ಮೊದಲನೇ ಕಾಲು ತನ್ನ ಪ್ಯಾಡಿನ ನಡುಮಧ್ಯದಲ್ಲಿ ಕೂತರೆ ಕೊನೆಯ ಕಾಲು ತನ್ನ ಪ್ಯಾಡಿನಿಂದ ಸುಮಾರು ಐದನೇ ಒಂದು ಮಿಲಿಮೀಟರು ಆಚೆ. ಆ ಕಾಲಿನ ಅಗಲವೇ 0.22. ಎರಡು ಪ್ಯಾಡುಗಳ ನಡುವಿನ ಖಾಲಿ ಜಾಗ 0.2. ಅಂದರೆ ಕೊನೆಯ ಕಾಲು ತನ್ನ ಮನೆಯ ಹೊಸ್ತಿಲಿನಿಂದ ಹೊರಬಿದ್ದು ಪಕ್ಕದ ಮನೆಯ ಗೋಡೆಗೆ ಒರಗಿತ್ತು. ಬೆಸುಗೆಯ ಸೀಸ ಕರಗಿದಾಗ ಎರಡನ್ನೂ ಕೂಡಿಸಿಬಿಡುತ್ತಿತ್ತು. ಹನಿ ಹನಿ ಕೂಡಿದರೆ ಹಳ್ಳ ಎಂಬುದನ್ನು ನಾವು ಉಳಿತಾಯದ ಉಪದೇಶಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ.

ಈ ಲೆಕ್ಕವನ್ನೆಲ್ಲ ನಾನು ಆಗ ಮಾಡಲಿಲ್ಲ. ಬೋರ್ಡುಗಳು ಬಂದವು, ಚಿಪ್ಪುಗಳನ್ನು ಕೈಯಲ್ಲೇ ಕೂರಿಸಿ ಬೆಸುಗೆ ಹಾಕುವುದು ಶುರುವಾಯಿತು. ಆ ಮೇಜಿಗೆ ಇಬ್ಬರಿದ್ದರು. ಒಬ್ಬಾಕೆ ಹಳಬರು, ಇನ್ನೊಬ್ಬಳು ಆರು ತಿಂಗಳ ಹಿಂದೆ ಸೇರಿದ ಹುಡುಗಿ, ನೆಲಮಂಗಲದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವವಳು. ಹಳಬರು ಹಾಕಿದ ಬೋರ್ಡುಗಳು ಬಹುಮಟ್ಟಿಗೆ ಪಾಸಾಗುತ್ತಿದ್ದವು. ಹುಡುಗಿಯವು ಒಂದಾದ ಮೇಲೊಂದು ಶಾರ್ಟ್ ಆಗಿ ವಾಪಸು ಬರುತ್ತಿದ್ದವು. ಅದೂ ಯಾವಾಗಲೂ ಕೊನೆಯ ಮೂಲೆಯಲ್ಲಿ. ಮೇಲ್ವಿಚಾರಕರು ಕೇಳಿದಾಗ ಅವಳು ಒಂದೇ ಮಾತು ಹೇಳಿದಳು: "ಸಾರ್, ಈ ಮೂಲೆ ಸರಿಯಾಗಿ ಕೂತರೆ ಆ ಮೂಲೆ ಕೂರೋದಿಲ್ಲ. ಬೋರ್ಡೇ ಯಾಕೋ ಸರಿಯಿಲ್ಲ." ಮೇಲ್ವಿಚಾರಕರು ಗಾದೆ ಹೇಳಿದರು. ಸುತ್ತ ಇದ್ದವರು ನಕ್ಕರು. ನಾನೂ ಅಲ್ಲೇ ನಿಂತಿದ್ದೆ, ನಾನೂ ನಕ್ಕೆ.

ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ರೋಗವನ್ನು ಅವಳಿಗಿಂತ ಚೆನ್ನಾಗಿ ಯಾವ ಇಂಜಿನಿಯರೂ ಹೇಳುವಂತಿರಲಿಲ್ಲ. ಇದರಲ್ಲಿ ಇನ್ನೊಂದು ವಿಪರೀತವೂ ಇತ್ತು. ಮೊದಲ ಕಾಲನ್ನು ಮೊದಲ ಪ್ಯಾಡಿಗೆ ಸರಿಯಾಗಿ ಹೊಂದಿಸಿ ಅಲ್ಲಿಂದ ಮುಂದಕ್ಕೆ ಹೋಗಬೇಕು ಎಂಬುದು ನಾವೇ ಕಲಿಸಿಕೊಟ್ಟ ಕ್ರಮ. ಹುಡುಗಿ ಹೊಸಬಳು, ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದಳು. ಹಳಬರು ಕ್ರಮ ಬಿಟ್ಟು ಕಣ್ಣಂದಾಜಿನಲ್ಲಿ ಚಿಪ್ಪನ್ನು ನಡುವಿಗೆ ಕೂರಿಸುತ್ತಿದ್ದರು. ಆಗ ತಪ್ಪು ಎರಡು ತುದಿಗೂ ಅರ್ಧರ್ಧ ಹಂಚಿಹೋಗಿ ಎಲ್ಲಿಯೂ ಕಾಣುತ್ತಿರಲಿಲ್ಲ. ನಿಯಮ ಪಾಲಿಸಿದವಳಿಗೆ ಕೆಟ್ಟ ಹೆಸರು, ಮೀರಿದವರಿಗೆ ಒಳ್ಳೆಯ ಹೆಸರು. ನೆಲ ಡೊಂಕಾದ ಕಡೆಯಲ್ಲೆಲ್ಲ ಹೀಗೇ ಆಗುತ್ತದೆಯೋ ಏನೋ.

ಅವಳನ್ನು ಬೆಸುಗೆಯ ಮೇಜಿನಿಂದ ತೆಗೆದು ಡಬ್ಬಕ್ಕೆ ತುಂಬುವ ಕೆಲಸಕ್ಕೆ ಹಾಕಿದರು. ಸಂಬಳ ಅಷ್ಟೇ ಇತ್ತು, ಆದರೆ ಬೋರ್ಡಿಗಿಷ್ಟು ಎಂದು ಸಿಗುತ್ತಿದ್ದ ಹೆಚ್ಚುವರಿ ಹಣ ನಿಂತಿತು. ಹೀಗೆ ಆರು ವಾರ.

ಆರು ವಾರದ ಮೇಲೆ ಅದೇ ಚಿಪ್ಪು ಬೇರೊಂದು ಬೋರ್ಡಿಗೂ ಬೇಕಾಯಿತು. ನಾನು ಹಳೆಯ ನಕ್ಷೆಯನ್ನು ನಿಜದ ಅಳತೆಯಲ್ಲಿ ಪಾರದರ್ಶಕ ಫಿಲ್ಮಿನ ಮೇಲೆ ತೆಗೆದು ಅದರ ಮೇಲೊಂದು ಚಿಪ್ಪಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಈ ಮೂಲೆ ಕೂತಿತು. ಆ ಮೂಲೆ ಕೂರಲಿಲ್ಲ.

ಆ ಸಂಜೆ ನಾನು ಮೊದಲು ಮಾಡಿದ ಕೆಲಸ ನಕ್ಷೆಯನ್ನು ತಿದ್ದಿದ್ದು. ಬೋರ್ಡಿನ ಮೂಲೆಯಲ್ಲಿ ಎ ಎಂದಿದ್ದ ಆವೃತ್ತಿಯ ಅಕ್ಷರವನ್ನು ಬಿ ಎಂದು ಬದಲಿಸಿದೆ. ಎರಡನೆಯ ಕೆಲಸ ಸುಮ್ಮನಿದ್ದದ್ದು. ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಆ ಹನ್ನೊಂದು ದಿನಗಳಲ್ಲಿ ನಾನು ನನಗೇ ಹೇಳಿಕೊಂಡ ಸಮಾಧಾನಗಳನ್ನು ಇಲ್ಲಿ ಬರೆಯುತ್ತೇನೆ. ಇಂಥ ಸಮಾಧಾನಗಳು ನನ್ನೊಬ್ಬನಿಗೇ ಬರುವಂಥವಲ್ಲ.

ಮೊದಲನೆಯದು, ತಪ್ಪು ಸಾಫ್ಟ್‌ವೇರಿನದು ಎಂಬುದು. ಅದು ತಾನೇ ಅರ್ಧ ಮಿಲಿಮೀಟರನ್ನು ಇಪ್ಪತ್ತು ಮಾಡಿದ್ದು? ಆದರೆ ಈ ವಾದ ನಿಲ್ಲಲಿಲ್ಲ. ತಿದ್ದಿದ ನಕ್ಷೆಯನ್ನು ನಾನು ಮಾಡಿದ್ದೂ ಅದೇ ಸಾಫ್ಟ್‌ವೇರಿನಲ್ಲಿ, ಅದೇ ಪೂರ್ಣ ಮಿಲ್‌ಗಳಲ್ಲಿ. ಈ ಸಲ ಹೆಜ್ಜೆಯ ಅಳತೆಯನ್ನು ಮುರಿಯಲಿಲ್ಲ. ಚಿಪ್ಪಿನ ನಡುಬಿಂದುವಿನಿಂದ ಪ್ರತಿ ಕಾಲಿಗೂ ಇರುವ ನಿಜವಾದ ದೂರವನ್ನು ಕಾಗದದ ಮೇಲೆ ಬೇರೆ ಬೇರೆ ಲೆಕ್ಕ ಹಾಕಿ, ಒಂದೊಂದನ್ನೂ ಕೊನೆಯಲ್ಲಿ ಹತ್ತಿರದ ಮಿಲ್ಲಿಗೆ ತಂದೆ. ಆಗ ಯಾವ ಕಾಲೂ ತನ್ನ ಜಾಗದಿಂದ ಅರ್ಧ ಮಿಲ್‌ಗಿಂತ ಹೆಚ್ಚು, ಎಂದರೆ 0.0127 ಮಿ.ಮೀ.ಗಿಂತ ಹೆಚ್ಚು ತಪ್ಪುವುದಿಲ್ಲ. ತಪ್ಪು ಪ್ರತಿ ಕಾಲಿನಲ್ಲೂ ಇದೆ, ಆದರೆ ಕೂಡುವುದಿಲ್ಲ.

ನಮ್ಮ ತಂದೆ ತೆಂಗಿನ ಸಸಿಗೆ ಗುಂಡಿ ತೆಗೆಸುವಾಗ ಇದನ್ನೇ ಮಾಡುತ್ತಿದ್ದರೆಂಬುದು ನನಗೆ ಆಗ ನೆನಪಾಯಿತು. ಆಳುಗಳು ಒಂದು ಕೋಲು ಹಿಡಿದು ಗುಂಡಿಯಿಂದ ಗುಂಡಿಗೆ ಅಳೆಯುತ್ತ ಹೋಗುತ್ತೇವೆ ಎನ್ನುವರು. ಅವರು ಬಿಡುತ್ತಿರಲಿಲ್ಲ. ಹೊಲದ ಮೂಲೆಯ ಬಾಂದು ಕಲ್ಲಿಗೆ ಹಗ್ಗ ಕಟ್ಟಿಸಿ ಪ್ರತಿ ಗುಂಡಿಯನ್ನೂ ಕಲ್ಲಿನಿಂದಲೇ ಅಳೆಸುವರು. "ಹಿಂದಿನ ಗುಂಡಿ ತಪ್ಪಿದ್ದರೆ ಅದರ ಪಾಪ ಮುಂದಿನ ಗುಂಡಿಗೆ ಯಾಕೆ?" ಎನ್ನುವುದು ಅವರ ಮಾತು. ಆಗ ನಾನು ಹುಡುಗ. ಅದು ತೋಟದ ಮಾತು ಎಂದುಕೊಂಡಿದ್ದೆ.

ಎರಡನೆಯ ಸಮಾಧಾನ, ಎಲ್ಲವೂ ಮಿತಿಯೊಳಗೇ ಇತ್ತು ಎಂಬುದು. ಇಂಜಿನಿಯರುಗಳ ಭಾಷೆಯಲ್ಲಿ ಟಾಲರೆನ್ಸ್ ಎಂಬ ಮಾತಿದೆ. ಕನ್ನಡದಲ್ಲಿ ಸಹನೆ ಎನ್ನಬಹುದು. ಯಾವ ವಸ್ತುವನ್ನೂ ಹೇಳಿದ ಅಳತೆಗೆ ಸರಿಯಾಗಿ ಮಾಡಲಾಗುವುದಿಲ್ಲ, ಆದ್ದರಿಂದ ಇಷ್ಟರವರೆಗೆ ತಪ್ಪಬಹುದು ಎಂದು ಮೊದಲೇ ಒಪ್ಪಿಕೊಳ್ಳುವುದು. ತತ್ವವಾಗಿ ಇದು ಬಹಳ ಉದಾರವಾದದ್ದು. ಆದರೆ ಈ ಸಹನೆ ಅಕ್ಷಯ ಪಾತ್ರೆಯಲ್ಲ, ಅಳೆದಿಟ್ಟ ಅಕ್ಕಿ. ನಮ್ಮ ಬೋರ್ಡಿನ ವಿಷಯವನ್ನೇ ತೆಗೆದುಕೊಳ್ಳಿ. ಕಾಲು ತನ್ನ ಅಗಲದ ಅರ್ಧದಷ್ಟು ಪ್ಯಾಡಿನಿಂದ ಹೊರಚಾಚಿದರೂ ತಪಾಸಣೆಯಲ್ಲಿ ಒಪ್ಪುತ್ತಿದ್ದೆವು. ಲೆಕ್ಕ ಹಾಕಿದರೆ ಕೂರಿಸುವವರ ಕೈ ಸುಮಾರು 0.15 ಮಿ.ಮೀ. ಅತ್ತಿತ್ತ ಆಗಬಹುದು. ಮನುಷ್ಯರ ಕೈ ನಡುಗುತ್ತದೆ. ಅದಕ್ಕಾಗಿಯೇ ಇಟ್ಟ ಪಾಲು ಅದು. ನಾನು ನಕ್ಷೆಯಲ್ಲಿ ಖರ್ಚು ಮಾಡಿದ್ದು 0.19. ಅವಳು ಚಿಪ್ಪನ್ನು ಎತ್ತಿಕೊಳ್ಳುವ ಮೊದಲೇ ಅವಳ ಪಾಲನ್ನು ನಾನು ಉಂಡು ಮುಗಿಸಿದ್ದೆ, ಸಾಲದ್ದಕ್ಕೆ ಪಾತ್ರೆಯನ್ನೂ ಕೆರೆದಿದ್ದೆ. ನಾನು ಮಿತಿಯೊಳಗಿದ್ದೇನೆ ಎಂದು ಹೇಳುವವನು ಮಿತಿ ತನ್ನೊಬ್ಬನದೆಂದು ತಿಳಿದಿರುತ್ತಾನೆ. ನಕ್ಷೆ ಬರೆಯುವವನು, ತಾಮ್ರ ಕೊರೆಯುವವನು, ರಂಧ್ರ ಹಾಕುವವನು, ಬೆಸುಗೆ ಹಾಕುವವಳು, ಎಲ್ಲರೂ ಒಂದೇ ಪಾತ್ರೆಯಿಂದ ಉಣ್ಣಬೇಕು. ಮೊದಲು ಕೂತವನು ಹೆಚ್ಚು ಬಡಿಸಿಕೊಂಡರೆ ಕೊನೆಯ ಪಂಕ್ತಿಯವರು ಉಪವಾಸ.

ಮೂರನೆಯ ಸಮಾಧಾನ ಹೆಚ್ಚು ತಾತ್ವಿಕವಾದದ್ದು. ಮುರಿಯದೆ ಯಾರಿಗೆ ಬದುಕಲು ಸಾಧ್ಯ? ಎಲ್ಲ ಲೆಕ್ಕವೂ ಒಂದಲ್ಲ ಒಂದು ಕಡೆ ಸುಮಾರು ಎನ್ನಲೇಬೇಕು. ಇದು ನಿಜವೇ. ಆದರೆ ಮುರಿಯುವುದರಲ್ಲಿ ಎರಡು ಬಗೆಯಿದೆ: ಮುರಿದ ಚೂರನ್ನು ನೆನಪಿಟ್ಟುಕೊಳ್ಳುವುದು ಒಂದು, ಮರೆಯುವುದು ಇನ್ನೊಂದು. ನಮ್ಮ ಪಂಚಾಂಗವನ್ನೇ ನೋಡಿ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಪಂಚಾಂಗದವರು ಆ ಹನ್ನೊಂದನ್ನು ಮರೆಯಲಿಲ್ಲ, ಕೂಡಿಡುತ್ತ ಬಂದರು. ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕ ಮಾಸ ಎಂದು ಬಾಕಿ ತೀರಿಸಿದರು. ಯುರೋಪಿನವರು ವರ್ಷಕ್ಕೆ 365 ದಿನ 6 ಗಂಟೆ ಎಂದು ಗುಂಡಾಗಿ ಹಿಡಿದರು. ತಪ್ಪು ಹನ್ನೊಂದು ನಿಮಿಷ. ಅದನ್ನು ಬರೆದಿಡುವ ಏರ್ಪಾಡಿರಲಿಲ್ಲ. ಶತಮಾನಗಳಾದ ಮೇಲೆ, 1582ರಲ್ಲಿ, ಕ್ಯಾಲೆಂಡರಿನಿಂದ ಹತ್ತು ದಿನಗಳನ್ನೇ ಕಿತ್ತುಹಾಕಬೇಕಾಯಿತು.

1957ರ ಏಪ್ರಿಲ್ ಒಂದರಂದು ನಮ್ಮ ದೇಶದಲ್ಲಿ ಆಣೆ ಹೋಗಿ ನಯಾ ಪೈಸೆ ಬಂತಲ್ಲ, ಆಗಲೂ ಇದೇ ಪೇಚು. ರೂಪಾಯಿಗೆ ಹದಿನಾರು ಆಣೆ, ನೂರು ನಯಾ ಪೈಸೆ. ಒಂದು ಆಣೆಗೆ ಆರೂಕಾಲು. ಕಾಲು ಪೈಸೆಯ ನಾಣ್ಯವಿಲ್ಲ. ಆಣೆಯ ಸಾಮಾನಿಗೆ ಆರು ಪೈಸೆ ಎಂದು ಹಿಡಿದರೆ ಹದಿನಾರು ಸಲಕ್ಕೆ 96; ರೂಪಾಯಿಯಲ್ಲಿ ನಾಲ್ಕು ಪೈಸೆ ಎಲ್ಲೋ ಹೋಯಿತು. ನಮ್ಮೂರಿನ ಅಂಗಡಿಯವರೊಬ್ಬರು ಖಾತೆಯ ಗಿರಾಕಿಗಳಿಗೆ ಮೂರು ಸಲ ಆರು ಪೈಸೆ ಬರೆದು ನಾಲ್ಕನೆಯ ಸಲ ಏಳು ಬರೆಯುತ್ತಿದ್ದರೆಂದು ನಮ್ಮ ತಂದೆ ಹೇಳುತ್ತಿದ್ದರು. ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲದಾಗ ಟಿಕೇಟಿನ ಬೆನ್ನ ಮೇಲೆ ಬಾಕಿ ಬರೆದುಕೊಡುವುದಿಲ್ಲವೇ, ಅದೂ ಇದೇ ಧರ್ಮ. ಕೊಡಲು ಈಗ ನನ್ನಲ್ಲಿಲ್ಲ, ಆದರೆ ನಿನ್ನದು ನನ್ನ ಹತ್ತಿರ ಇದೆ ಎಂದು ಒಪ್ಪಿಕೊಳ್ಳುವುದು. ನನ್ನ ಸಾಫ್ಟ್‌ವೇರು 0.315 ಮಿಲ್ಲನ್ನು ಎಲ್ಲಿಯೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ.

ಮರೆತ ಚೂರುಗಳು ಎಷ್ಟು ದೂರ ಹೋಗಬಲ್ಲವು ಎಂಬುದಕ್ಕೆ ನನ್ನ ಕಸುಬಿನ ನೆರೆಹೊರೆಯಲ್ಲಿ ಎರಡು ಪ್ರಸಿದ್ಧ ನಿದರ್ಶನಗಳಿವೆ. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರ ಜನವರಿಯಲ್ಲಿ ಒಂದು ಸೂಚ್ಯಂಕವನ್ನು 1000ದಿಂದ ಆರಂಭಿಸಿತು. ಪ್ರತಿ ವ್ಯವಹಾರಕ್ಕೂ ಹೊಸ ಅಂಕಿ ಬರುವಾಗ ಮೂರನೆಯ ದಶಮಾಂಶದ ಆಚೆಯದನ್ನು ಕಂಪ್ಯೂಟರು ಕತ್ತರಿಸಿ ಹಾಕುತ್ತಿತ್ತು. ಹತ್ತಿರದ ಅಂಕಿಗೆ ತರುತ್ತಿರಲಿಲ್ಲ, ಸುಮ್ಮನೆ ಕತ್ತರಿಸುತ್ತಿತ್ತು. 1983ರ ನವೆಂಬರಿನ ಹೊತ್ತಿಗೆ ಸೂಚ್ಯಂಕ 525ರ ಸುಮಾರಿಗೆ ಇಳಿದಿತ್ತು. ಲೆಕ್ಕ ತಿದ್ದಿ ನೋಡಿದರೆ ಅದು 1098 ಇರಬೇಕಿತ್ತು. ಕತ್ತರಿಯ ದೋಷ ಅದರ ಹರಿತದಲ್ಲಿರಲಿಲ್ಲ, ಯಾವಾಗಲೂ ಒಂದೇ ಕಡೆಗೆ ಕತ್ತರಿಸುವುದರಲ್ಲಿತ್ತು. ಮೇಲೆ ಕೆಳಗೆ ಎರಡೂ ಕಡೆ ಬೀಳುವ ತಪ್ಪುಗಳು ಬಹುಮಟ್ಟಿಗೆ ಒಂದನ್ನೊಂದು ತೀರಿಸಿಕೊಳ್ಳುತ್ತವೆ. ಒಂದೇ ಕಡೆ ಬೀಳುವ ತಪ್ಪು ಯಾರದೋ ಮನೆಯನ್ನು ತೆಗೆಯದೆ ಬಿಡುವುದಿಲ್ಲ.

ಇನ್ನೊಂದು ಹೆಚ್ಚು ದಾರುಣವಾದದ್ದು. 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದಲ್ಲಿ, ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಅಮೆರಿಕದ ಸೈನಿಕರ ವಸತಿಯ ಮೇಲೆ ಬಿದ್ದು 28 ಮಂದಿ ಸತ್ತರು. ಅದನ್ನು ತಡೆಯಬೇಕಾಗಿದ್ದ ಪೇಟ್ರಿಯಟ್ ವ್ಯವಸ್ಥೆ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು. ಹತ್ತನೇ ಒಂದು ಎಂಬುದು ಕಂಪ್ಯೂಟರಿನ ಎರಡಂಕಿಯ ಲಿಪಿಯಲ್ಲಿ ಮುಗಿಯದ ಸಂಖ್ಯೆ. ಅದನ್ನು 24 ಬಿಟ್ಟುಗಳಿಗೆ ಕತ್ತರಿಸಿದ್ದರು. ಯಂತ್ರವನ್ನು ನಿಲ್ಲಿಸದೆ ನೂರು ಗಂಟೆ ಓಡಿಸಿದ ಮೇಲೆ ತಪ್ಪು ಸೆಕೆಂಡಿನ ಮೂರನೇ ಒಂದು ಭಾಗವಾಗಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಂಕಿಗಳಲ್ಲ. ಬಹಳ ಹೊತ್ತು ಓಡಿಸಿದರೆ ತೊಂದರೆಯಾಗಬಹುದು ಎಂದು ನಾಲ್ಕು ದಿನ ಮೊದಲೇ ಎಚ್ಚರಿಕೆ ಹೋಗಿತ್ತು. ಬಹಳ ಹೊತ್ತು ಎಂದರೆ ಎಷ್ಟು ಹೊತ್ತು ಎಂದು ಮಾತ್ರ ಅದರಲ್ಲಿ ಹೇಳಿರಲಿಲ್ಲ. ತಿದ್ದಿದ ಪ್ರೋಗ್ರಾಮು ಅಲ್ಲಿಗೆ ತಲುಪಿದ್ದು ಮಾರನೆಯ ದಿನ. ಅಂಕಿಯನ್ನು ಯಂತ್ರ ಮುರಿದಿತ್ತು. ಮಾತನ್ನು ಮನುಷ್ಯರು ಮುರಿದಿದ್ದರು.

ನನ್ನ ತಪ್ಪನ್ನು ಇದರ ಪಕ್ಕದಲ್ಲಿಡುವುದು ಉದ್ಧಟತನವಾದೀತು. ನನ್ನ ಬೋರ್ಡಿನಿಂದ ಯಾರೂ ಸಾಯಲಿಲ್ಲ. ಆದರೆ ಆ ಹನ್ನೊಂದು ದಿನ ನನ್ನನ್ನು ಕೊರೆದ ಪ್ರಶ್ನೆ ಒಂದೇ: ನಾನು ಎಸೆದ ಚೂರು ಎಲ್ಲಿ ಹೋಗಿ ಬಿತ್ತು? ಅದು ನನ್ನ ಮೇಲೆ ಬೀಳಲಿಲ್ಲ. ಮಾಲೀಕರ ಮೇಲೆ ಬೀಳಲಿಲ್ಲ, ಮೇಲ್ವಿಚಾರಕರ ಮೇಲೂ ಬೀಳಲಿಲ್ಲ. ಸಾಲಿನ ಕೊನೆಯಲ್ಲಿ ನಿಂತು ಎದುರುತ್ತರ ಕೊಡಲಾರದ ಒಬ್ಬಳ ಮೇಲೆ ಬಿತ್ತು. ನೀರು ತಗ್ಗಿಗೆ ಹರಿಯುವಂತೆ ಎಸೆದ ಶೇಷವೂ ತಗ್ಗಿದ್ದ ಕಡೆಗೇ ಹರಿಯುತ್ತದೆ. ನಾವು ಮಾಡುತ್ತಿದ್ದ ಯಂತ್ರವೇ ನಾಳೆ ಹಳ್ಳಿಯಲ್ಲಿ ಹಾಲು ತೂಗುವಾಗ ಕೊನೆಯ ಕೆಲವು ಗ್ರಾಮುಗಳನ್ನು ಮುರಿಯುತ್ತಿತ್ತು. ಆ ಗ್ರಾಮುಗಳು ಹಾಲು ತಂದವರ ಕಡೆಗೋ ಕೊಂಡವರ ಕಡೆಗೋ ಎಂಬುದು ಪ್ರೋಗ್ರಾಮು ಬರೆಯುವವನಿಗೆ ಒಂದೇ ಒಂದು ಸಾಲು. ಅಂಥ ಸಾಲುಗಳನ್ನು ಬರೆಯುವವರು ನಾವು. ಅದು ನೀತಿಯ ವಿಷಯವೆಂದು ನಮಗೆ ಅನಿಸುವುದೇ ಇಲ್ಲ, ಗಣಿತದ ವಿಷಯ ಎಂದುಕೊಳ್ಳುತ್ತೇವೆ.

ಈಗಿನ ಸಾಫ್ಟ್‌ವೇರುಗಳು ಬಹಳ ಸುಧಾರಿಸಿವೆ. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಕಿಕ್ಯಾಡ್ ಎಂಬುದೊಂದಿದೆ. ಅದು ಹಿಂದೆ ಅಂಗುಲವನ್ನು ಹತ್ತು ಸಾವಿರ ಭಾಗ ಮಾಡಿ ಲೆಕ್ಕ ಇಡುತ್ತಿತ್ತು, ಆಮೇಲೆ ನ್ಯಾನೋಮೀಟರಿಗೆ ಬಂತು. ಒಂದು ಮಿಲ್ ಎಂದರೆ ಸರಿಯಾಗಿ 25,400 ನ್ಯಾನೋಮೀಟರು, ಅರ್ಧ ಮಿಲಿಮೀಟರು ಎಂದರೆ ಸರಿಯಾಗಿ ಐದು ಲಕ್ಷ. ಎರಡು ಮನೆಯವರೂ ಒಂದೇ ಸೂರಿನಡಿ ಯಾರೂ ಮುರಿಯದೆ ಬಾಳಬಹುದು. ಅಷ್ಟಾದರೂ ನಕ್ಷೆಯನ್ನು ಕಾರ್ಖಾನೆಗೆ ಕಳಿಸುವಾಗ ತಾಮ್ರದ ಕಡತಕ್ಕೆ ಎಷ್ಟು ದಶಮಾಂಶ, ರಂಧ್ರದ ಕಡತಕ್ಕೆ ಎಷ್ಟು ದಶಮಾಂಶ ಎಂದು ಈಗಲೂ ಆರಿಸಿಕೊಳ್ಳಬೇಕಾಗುತ್ತದೆ. ಒಂದಕ್ಕೊಂದು ಬೇರೆಯಾದರೆ ಪ್ಯಾಡಿನ ನಡುವಿಗೆ ಬೀಳಬೇಕಾದ ರಂಧ್ರ ಸ್ವಲ್ಪ ಪಕ್ಕಕ್ಕೆ ಬೀಳುತ್ತದೆ. ಅಳತೆಯ ಕೋಲು ಎಷ್ಟೇ ಸೂಕ್ಷ್ಮವಾಗಲಿ, ಹತ್ತಿರವೇ ಇದೆ ಎಂದು ಗುಂಡಿ ಒತ್ತುವ ಬೆರಳು ಹಳೆಯದೇ.

ಹನ್ನೆರಡನೆಯ ದಿನ ಮಾಲೀಕರಿಗೆ ಹೇಳಿದೆ. ಅವರು ಒಳ್ಳೆಯವರು, ನಕ್ಕು, ತಿದ್ದಿದ್ದೀರಲ್ಲ, ಬಿಡಿ, ಇನ್ನು ಎಲ್ಲರಿಗೂ ಹೇಳಿಕೊಂಡು ತಿರುಗಬೇಡಿ ಎಂದರು. ಹುಡುಗಿಯನ್ನು ಮತ್ತೆ ಬೆಸುಗೆಯ ಮೇಜಿಗೆ ಕರೆಸಲು ಒಪ್ಪಿದರು. ಕಳೆದುಹೋದ ಹಣದ ಮಾತೆತ್ತಿದಾಗ ಮಾತು ಬೇರೆ ಕಡೆಗೆ ಹೋಯಿತು.

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವಳ ಹತ್ತಿರ ಹೋಗಿ ಹೇಳಿದೆ. ಮಿಲ್ಲು, ಮಿಲಿಮೀಟರು, ಇಪ್ಪತ್ತನಾಲ್ಕು ಅಂತರ, ಎಲ್ಲವನ್ನೂ ವಿವರಿಸಿದೆ. ತಪ್ಪೊಪ್ಪಿಕೊಳ್ಳುವವರು ವಿವರಣೆ ಸ್ವಲ್ಪ ಹೆಚ್ಚಾಗಿಯೇ ಕೊಡುತ್ತಾರೆ. ಅವಳು ಸಿಟ್ಟಾಗುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಎಲ್ಲ ಕೇಳಿ, ತನ್ನ ಎರಡು ಕೈಗಳನ್ನೂ ಒಮ್ಮೆ ನೋಡಿಕೊಂಡು, "ಹಾಗಾದರೆ ನನ್ನ ಕೈ ಸರಿಯಾಗಿದೆಯಾ ಸಾರ್?" ಎಂದಳು. ಕೈ ನಡುಗುತ್ತಿರಬೇಕೆಂದು ಈ ಒಂದೂವರೆ ತಿಂಗಳಿನಿಂದ ಕಾಫಿ ಬಿಟ್ಟಿದ್ದಳಂತೆ. ರಾತ್ರಿ ಮನೆಯಲ್ಲಿ ಸೂಜಿಗೆ ದಾರ ಪೋಣಿಸಿ ಪೋಣಿಸಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳಂತೆ. ನಾನು ಎಸೆದ ಚೂರು ಎಲ್ಲಿ ಬಿದ್ದಿತ್ತೆಂಬುದು ನನಗೆ ಆಗ ಪೂರ್ತಿಯಾಗಿ ತಿಳಿಯಿತು. ಹಣಕ್ಕಿಂತ ಒಳಗೆ, ತನ್ನ ಕೈ ತನ್ನದೆಂದು ನಂಬುವ ಜಾಗದಲ್ಲಿ ಬಿದ್ದಿತ್ತು.

ಅವಳಿಗೆ ಸಿಗದೆ ಹೋದ ಹಣವನ್ನು ಹಾಜರಿ ಪುಸ್ತಕ ನೋಡಿ ಲೆಕ್ಕ ಹಾಕಿದೆ. 286 ರೂಪಾಯಿ 50 ಪೈಸೆ ಆಯಿತು. ಸಂಬಳದ ದಿನ ನನ್ನ ಕೈಯಿಂದ ಮುನ್ನೂರು ರೂಪಾಯಿ ಕವರಿನಲ್ಲಿಟ್ಟು, ಲೆಕ್ಕದ ಚೀಟಿಯನ್ನೂ ಸೇರಿಸಿ ಕೊಟ್ಟೆ. ಮಾರನೆಯ ಬೆಳಿಗ್ಗೆ ಅವಳು ನನ್ನ ಮೇಜಿನ ಬಳಿ ಬಂದು ಕಾಗದದ ಪೊಟ್ಟಣವೊಂದನ್ನಿಟ್ಟಳು. ಬಿಚ್ಚಿದರೆ ಹದಿಮೂರೂವರೆ ರೂಪಾಯಿ. ಒಂದು ಹತ್ತರ ನೋಟು, ಮೂರು ರೂಪಾಯಿ ನಾಣ್ಯ, ಎಂಟಾಣೆಯ ಒಂದು ಬಿಲ್ಲೆ. ಇರಲಿ ಇಟ್ಟುಕೋ, ದುಂಡಾಗಿರಲಿ ಎಂದು ಕೊಟ್ಟೆ ಎಂದೆ.

"ಲೆಕ್ಕ ಎಷ್ಟೋ ಅಷ್ಟೇ ಸಾಕು ಸಾರ್," ಎಂದು ಹೇಳಿ ಅವಳು ತನ್ನ ಮೇಜಿಗೆ ಹೋದಳು.